ಬಿಡಬಹುದಾದ ವಿಷಯಗಳು

ನಮ್ಮ ಕೋಚಿಂಗ್ ಕ್ಲಾಸಿನ ಸರ್ ಬಳಿ ಮೂರು ಬಣ್ಣದ ಮಾರ್ಕರುಗಳಿದ್ದವು. ಮೊದಲ ದಿನವೇ ಅವರು, ಎಂಜಿನಿಯರಿಂಗ್ ಮುಗಿಸಿದವರು ಮುಂದಿನ ಓದಿಗೆ, ನೌಕರಿಗೆ ಬರೆಯುವ ಗೇಟ್ ಪರೀಕ್ಷೆಯ ಎಲೆಕ್ಟ್ರಿಕಲ್ ವಿಷಯಗಳನ್ನೆಲ್ಲ ಬಿಳಿ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ಕಟುಕ ಕುರಿಯನ್ನು ನೋಡುವ ಹಾಗೆ ಆ ಪಟ್ಟಿಯನ್ನು ನೋಡಿದರು. ಆಮೇಲೆ ಗೆರೆ ಎಳೆಯತೊಡಗಿದರು. ಹಸಿರು ಗೆರೆಯದ್ದನ್ನು ಅರೆದು ಕುಡಿಯಬೇಕು. ಹಳದಿಯದ್ದನ್ನು ಸಮಯ ಉಳಿದರೆ ನೋಡಬೇಕು. ಕೆಂಪು ಗೆರೆಯದ್ದನ್ನು ಬಿಡಬಹುದು.

ಹಸಿರು ಗೆರೆ ಬಿದ್ದದ್ದು ಗಣಿತಕ್ಕೆ, ಸಾಮಾನ್ಯ ಸಾಮರ್ಥ್ಯಕ್ಕೆ, ನೆಟ್‌ವರ್ಕ್‌ಗೆ, ಸಿಗ್ನಲ್ಸ್‌ಗೆ, ಕಂಟ್ರೋಲ್ ಸಿಸ್ಟಮ್ಸ್‌ಗೆ. ಮಶೀನ್ಸ್ ಮತ್ತು ಪವರ್ ಸಿಸ್ಟಮ್ಸ್ ಹಳದಿಯಾದವು. ಎಲೆಕ್ಟ್ರೋಮ್ಯಾಗ್ನೆಟಿಕ್ ಫೀಲ್ಡ್ಸ್ ಮತ್ತು ಮೆಷರ್‌ಮೆಂಟ್ಸ್ ಕೆಂಪು. ವಿದ್ಯುತ್ ಎಂಜಿನಿಯರ್ ಆಗಹೊರಟವನು ವಿದ್ಯುತ್ತನ್ನು ಅಳೆಯುವುದೊಂದನ್ನು ಬಿಟ್ಟರೆ ನಡೆಯುತ್ತದೆ ಎಂದು ಇದರ ಅರ್ಥ. ನಾವು ಅರವತ್ತು ಮಂದಿ ತಲೆಯಾಡಿಸಿ ಬರೆದುಕೊಂಡೆವು. ಪವರ್ ಸಿಸ್ಟಮ್ಸ್ ಒಳಗೇ ಇನ್ನೊಂದು ಕೆಂಪು ಗೆರೆ ಇತ್ತು. ರಿಲೇ, ಬ್ರೇಕರ್, ಅಂದರೆ ತಪ್ಪಾದಾಗ ಕರೆಂಟನ್ನು ತುಂಡರಿಸುವ ಸಾಧನಗಳ ಪಾಠ. "ಇದೆಲ್ಲ ಥಿಯರಿ, ಲೆಕ್ಕ ಬರೋದಿಲ್ಲ, ಬಿಡಿ" ಎಂದು ಸರ್ ಹಿಂದಿಯಲ್ಲಿ ಹೇಳಿ ಅದನ್ನು ಕೊಂದರು. ಮನೆಯ ವೈರಿಂಗ್, ಅರ್ಥಿಂಗ್, ಶಾಕ್ ಹೊಡೆದವರನ್ನು ಬಿಡಿಸುವುದು ಇವೆಲ್ಲ ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಕೆಂಪು ಗೆರೆಯ ಗೌರವವೂ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಪುಣೆಯಲ್ಲೇ. ಅಪ್ಪ ವಿಜಯಪುರದ ಕಡೆಯಿಂದ ಗುಮಾಸ್ತಿಕೆಗೆ ಬಂದು ಇಲ್ಲೇ ಉಳಿದವರು. ಎರಡು ಕೋಣೆಯ ನಮ್ಮ ಮನೆಯಲ್ಲಿ ಟೀವಿ, ಕುಕ್ಕರ್, ಅಜ್ಜಿಯ ಕೆಮ್ಮು ಮೂರೂ ಸರದಿಯ ಮೇಲೆ ನಡೆಯುತ್ತಿದ್ದುದರಿಂದ ಎಂಜಿನಿಯರಿಂಗ್ ಮುಗಿಸಿದವನು ಗೇಟ್‌ಗೆ ಓದಲೆಂದು ಪೇಟೆಯೊಳಗಿನ ಒಂದು ಅಭ್ಯಾಸಿಕಾ ಸೇರಿದೆ. ಅಭ್ಯಾಸಿಕಾ ಎಂದರೆ ತಿಂಗಳ ಲೆಕ್ಕದಲ್ಲಿ ಒಂದು ಕುರ್ಚಿ, ಒಂದು ಮೇಜು, ಒಂದು ಪ್ಲಗ್ ಪಾಯಿಂಟ್ ಬಾಡಿಗೆ ಕೊಡುವ ಓದುಕೋಣೆ. ಆ ಓಣಿಗಳಲ್ಲಿ ಪ್ರತಿ ಮೂರನೆಯ ಕಟ್ಟಡದ ಮೆಟ್ಟಿಲ ಮೇಲೆ ಅದರ ಫಲಕ ಇರುತ್ತದೆ. ನಮ್ಮದು ಹಳೆಯ ವಾಡೆಯೊಂದರ, ಅಂದರೆ ಅಂಗಳದ ಸುತ್ತ ಕಟ್ಟಿದ ದೊಡ್ಡ ಮನೆಯೊಂದರ, ಮೊದಲ ಮಹಡಿ. ಕೆಳಗೆ ಮಾಲೀಕರ ಸ್ಟೇಷನರಿ ಅಂಗಡಿ. ಅವರೂ ನಮ್ಮ ಕಡೆಯವರೇ, ಮೂರು ತಲೆಮಾರಿನಿಂದ ಪುಣೆಯವರು. ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ, ಫೋನಿನಲ್ಲಿ ಎರಡೂ.

ಅಲ್ಲಿ ಎರಡು ನಿಯಮಗಳಿದ್ದವು. ಒಂದು, ಮಾತಾಡಬಾರದು. ಎರಡು, ಚಪ್ಪಲಿ ಬೂಟು ಮೆಟ್ಟಿಲ ಬಳಿಯೇ ಬಿಡಬೇಕು. ಒಳಗೆ ಗಣಪತಿಯ ಫೋಟೋ ಇದೆ, ವಿದ್ಯೆಯ ಜಾಗ ಎಂದು ಕಾರಣ. ಹೀಗಾಗಿ ನಾವು ಇಪ್ಪತ್ತೆರಡು ಮಂದಿ, ಎಲ್ಲರೂ ಎಲೆಕ್ಟ್ರಿಕಲ್ ಓದಿದವರು, ದಿನವಿಡೀ ಬರಿಗಾಲಲ್ಲಿ ಓದುತ್ತಿದ್ದೆವು. ಪ್ರತಿಯೊಬ್ಬರ ಮೇಜಿನ ಮುಂದೆ ಒಂದು ಚೀಟಿ. ಅದರಲ್ಲಿ ಏನನ್ನು ಓದಬೇಕು ಎನ್ನುವುದಕ್ಕಿಂತ ಏನನ್ನು ಬಿಡಬೇಕು ಎನ್ನುವುದು ದೊಡ್ಡ ಅಕ್ಷರದಲ್ಲಿ ಇರುತ್ತಿತ್ತು. ಹೊಸಬ ಯಾರಾದರೂ ಬಂದರೆ ಮೊದಲ ಪ್ರಶ್ನೆಯೇ "ನೀನು ಏನೇನು ಬಿಟ್ಟಿದ್ದೀ?" ಜಾಸ್ತಿ ಬಿಟ್ಟವನು ಜಾಸ್ತಿ ಬುದ್ಧಿವಂತ.

ನನ್ನ ಪಕ್ಕದ ಮೇಜಿನವನು ಮೈಸೂರು ಕಡೆಯ ಹುಡುಗ. ಅಣಕು ಪರೀಕ್ಷೆಗಳಲ್ಲಿ ಕ್ಲಾಸಿಗೇ ಮೊದಲಿಗ. ಸರ್ ಅವನ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಅಳಿಸದೆ ಬಿಟ್ಟಿದ್ದರು. ನಾನು ಒಮ್ಮೆ ಮೆಷರ್‌ಮೆಂಟ್ಸ್ ಪುಸ್ತಕ ತೆರೆದದ್ದನ್ನು ನೋಡಿ ಅವನು ನಿಜವಾಗಿಯೂ ಮರುಗಿದ.

"ಗುರು, ಎರಡು ಮಾರ್ಕ್ಸ್‌ಗೆ ಇಷ್ಟು ದಪ್ಪ ಬುಕ್ಕಾ? ಬಿಟ್ಬಿಡು. ಟೈಮ್ ವೇಸ್ಟ್."

ನಾನು ಬಿಟ್ಟೆ. ಹೇಳಿದ್ದನ್ನು ಬಿಡುವುದರಲ್ಲಿ ನನ್ನಷ್ಟು ವಿಧೇಯ ಇನ್ನೊಬ್ಬನಿರಲಿಲ್ಲ.

ನಮ್ಮಲ್ಲಿ ಒಬ್ಬರು ಮಾತ್ರ ಏನನ್ನೂ ಬಿಟ್ಟಿರಲಿಲ್ಲ. ಪುಣೆಯ ಹೊರಗಿನ ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡುತ್ತಿದ್ದ, ಗೋಕಾಕದ ಕಡೆಯ, ಮೂವತ್ತು ದಾಟಿದ ಆಸಾಮಿ. ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿ, ಆಮೇಲೆ ಕೆಲಸ ಮಾಡುತ್ತಲೇ ಬಿ.ಇ. ಮುಗಿಸಿದವರು. ಮೊದಲ ಶಿಫ್ಟ್ ಮುಗಿಸಿ, ಮೂರು ಬಸ್ಸು ಬದಲಿಸಿ ಬರುವರು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸಾಲು ಬಿಡದೆ, ತುಟಿ ಅಲ್ಲಾಡಿಸುತ್ತ ಓದುವರು. ನಾವು ಅವರಿಗೆ ವೈರ್‌ಮನ್ ಎಂದು ಹೆಸರಿಟ್ಟಿದ್ದೆವು. ಎದುರಿಗೇ ಕರೆಯುತ್ತಿದ್ದೆವು. ಅವರು ಓಗೊಡುತ್ತಿದ್ದರು. ಅದು ಬೈಗುಳವೆಂದು ಅವರಿಗೆ ಅನಿಸಿರಲಿಲ್ಲವಾದ್ದರಿಂದ ನಮಗೆ ಇನ್ನೂ ನಗು ಬರುತ್ತಿತ್ತು.

ಏಪ್ರಿಲ್ ಬಂತು. ಮಹಡಿಯ ಮೇಲಿನ ತಗಡು ಕಾದು ಓದುಕೋಣೆ ಒಲೆಯಾಯಿತು. ಮಾಲೀಕರು ಎಲ್ಲಿಂದಲೋ ಒಂದು ಹಳೆಯ ಕಬ್ಬಿಣದ ಕೂಲರ್ ತಂದು ಕಿಟಕಿಯ ಬಳಿ ನಿಲ್ಲಿಸಿದರು. ನೀರು ತುಂಬುವ, ಹುಲ್ಲಿನ ಪರದೆಯ, ಆಳೆತ್ತರದ ಕೂಲರ್. ಅದರ ಪ್ಲಗ್‌ಗೆ ಮೂರು ಕಾಲಿನಲ್ಲಿ ದಪ್ಪನೆಯದು ಇರಲಿಲ್ಲ. ಎಕ್ಸ್‌ಟೆನ್ಶನ್ ಬೋರ್ಡಿನ ತೂತಿಗೆ ಹೊಂದಲಿಲ್ಲವೆಂದು ಯಾರೋ ಹಿಂದೆಂದೋ ಕತ್ತರಿಸಿದ್ದರು. ಆ ದಪ್ಪನೆಯ ಕಾಲಿಗೇ ಅರ್ಥ್ ಎನ್ನುತ್ತಾರೆ. ಕಬ್ಬಿಣದ ಮೈಗೆ ಕರೆಂಟ್ ಸೋರಿದರೆ ಅದನ್ನು ನೆಲಕ್ಕೆ ಒಯ್ಯುವ ದಾರಿ ಅದು. ಇಪ್ಪತ್ತೆರಡು ಮಂದಿ ವಿದ್ಯುತ್ ಪದವೀಧರರ ನಡುವೆ ಆ ಪ್ಲಗ್ ವಾರಗಟ್ಟಲೆ ಎರಡು ಕಾಲಿನ ಮೇಲೆ ನಿಂತಿತ್ತು. ನಾವೆಲ್ಲ ಅದರ ಮುಂದೆ ಅಂಗಿ ಅಗಲಿಸಿ ಗಾಳಿ ಕುಡಿದೆವು.

ಕೂಲರ್ ಬಂದ ವಾರದಿಂದ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಕರೆಂಟ್ ಹೋಗತೊಡಗಿತು. ಓಣಿಯಲ್ಲಿ ಎಲ್ಲ ಕಡೆ ಇರುತ್ತಿತ್ತು, ನಮ್ಮಲ್ಲಿ ಮಾತ್ರ ಇಲ್ಲ. ಬಾಗಿಲ ಬಳಿಯ ಬೋರ್ಡಿನಲ್ಲಿ ಇ.ಎಲ್.ಸಿ.ಬಿ. ಎಂಬ ಒಂದು ಸ್ವಿಚ್ ಇತ್ತು. ಕರೆಂಟ್ ಎಲ್ಲಾದರೂ ಸೋರಿದ ಕೂಡಲೇ ತಾನಾಗಿ ಕೆಳಗೆ ಬಿದ್ದು ಇಡೀ ಕೋಣೆಯನ್ನು ಆಫ್ ಮಾಡುವುದು ಅದರ ಕೆಲಸ. ಅದು ಬೀಳುತ್ತಿತ್ತು. ಯಾರೋ ಎದ್ದು ಹೋಗಿ ಎತ್ತುತ್ತಿದ್ದರು. ಕೆಲವು ನಿಮಿಷದಲ್ಲಿ ಮತ್ತೆ ಬೀಳುತ್ತಿತ್ತು.

ಎರಡು ಗಂಟೆಗೆ ಕೋಣೆ ಒರೆಸಲು ಒಬ್ಬಳು ಹೆಂಗಸು ಬರುತ್ತಿದ್ದಳು. ಇಂಡಿ ತಾಲೂಕಿನವಳು. ಗಂಡ ಕಟ್ಟಡದ ಕೆಲಸಕ್ಕೆ ಬಂದಾಗ ಜೊತೆಗೆ ಬಂದು, ಅವನು ತೀರಿಕೊಂಡ ಮೇಲೆ ನಾಲ್ಕು ಮನೆ ಮತ್ತು ನಮ್ಮ ಓದುಕೋಣೆಯ ಕೆಲಸ ಹಿಡಿದವಳು. ಎಲ್ಲರೂ ಇಲ್ಲಿನ ರೂಢಿಯಂತೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನು ಕನ್ನಡದವನೆಂದು ಗೊತ್ತಾದ ದಿನದಿಂದ ನನಗೆ ತಮ್ಮಾ ಎನ್ನುತ್ತಿದ್ದಳು. ನಾನು ಅಕ್ಕಾ ಎನ್ನುತ್ತಿದ್ದೆ. ಅವಳು ಒದ್ದೆ ಬಟ್ಟೆ ಎಳೆಯುತ್ತ ಬಂದಾಗ ನಾವು ಪುಸ್ತಕದಿಂದ ಕಣ್ಣು ತೆಗೆಯದೆ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಳ್ಳುತ್ತಿದ್ದೆವು. ಇಡೀ ಸಾಲು ಒಟ್ಟಿಗೆ ಕಾಲೆತ್ತುತ್ತಿತ್ತು. ಅದೊಂದೇ ನಾವು ಅವಳಿಗೆ ಕೊಟ್ಟ ಸಹಾಯ.

ಅವಳು ಬಂದಾಗಲೇ ಸ್ವಿಚ್ ಬೀಳುತ್ತದೆ ಎನ್ನುವುದನ್ನು ನಾವು ಕಂಡುಹಿಡಿದೆವು. ನಮ್ಮ ವಿದ್ಯೆಯ ಅತಿ ದೊಡ್ಡ ಶೋಧನೆ ಇದು. ಅದಕ್ಕೆ ನಾವು ಕೊಟ್ಟ ಕಾರಣ ಅವಳ ಕಾಲ್ಗುಣ.

"ಬಂತು ನೋಡು ಲೋಡ್ ಶೆಡ್ಡಿಂಗು" ಎಂದು ಮೈಸೂರಿನವನು ಅವಳು ಬಕೆಟ್ ಇಡುವ ಸದ್ದಿಗೇ ಪಿಸುಗುಟ್ಟುತ್ತಿದ್ದ. ಸಾಲಿಗೆ ಸಾಲೇ ಕಿಸಕ್ಕೆನ್ನುತ್ತಿತ್ತು.

ಒಂದು ದಿನ ಅವಳೇ ಕೇಳಿದಳು. "ತಮ್ಮಾ, ನಾ ಬಂದಾಗ ಯಾಕ ಕರೆಂಟ ಹೋಗತದ? ನಾ ಏನರ ಮುಟ್ಟಬಾರದ್ದು ಮುಟ್ಟಾಕತ್ತೀನೇನು?"

"ಇಲ್ಲಕ್ಕಾ, ಅದು ಸ್ವಿಚ್ಚಿಂದೇ ಖೋಡಿ" ಎಂದೆ. ನೆಲ ಒದ್ದೆಯಾದಾಗ ಸೋರಿದ ಕರೆಂಟಿಗೆ ದಾರಿ ಸಿಗುತ್ತದೆ, ಸ್ವಿಚ್ ಅದಕ್ಕೇ ಬೀಳುತ್ತದೆ ಎಂಬ ಇಷ್ಟು ಸಣ್ಣ ವಿಚಾರ ಹೊಳೆಯಲು ಅವಳ ಪ್ರಶ್ನೆಯೇ ಸಾಕಾಗಬೇಕಿತ್ತು, ಹೊಳೆಯಲಿಲ್ಲ. ಆಗ ನನ್ನ ಮುಂದೆ ತೆರೆದಿದ್ದದ್ದು ಏನೆಂದು ಹೇಳುತ್ತೇನೆ, ನಗಬೇಡಿ. ಒಂದು ತಂತಿ ನೆಲಕ್ಕೆ ತಾಗಿದಾಗ ಹರಿಯುವ ಕರೆಂಟಿನ ಲೆಕ್ಕ. ಮೂರು ಸೀಕ್ವೆನ್ಸ್ ನೆಟ್‌ವರ್ಕ್‌ಗಳನ್ನು ಸರಣಿಯಲ್ಲಿ ಜೋಡಿಸಬೇಕು. ಅಂಥ ಲೆಕ್ಕವನ್ನು ನಾನು ಎರಡು ನಿಮಿಷದಲ್ಲಿ ಬಿಡಿಸುತ್ತಿದ್ದೆ.

ವೈರ್‌ಮನ್ ತಮ್ಮ ವಾರದ ರಜೆಯ ದಿನ ಇದನ್ನು ನೋಡಿದರು. ಸ್ವಿಚ್ ಬಿದ್ದಾಗ ನಾನೇ ಹೋಗಿ ಎತ್ತುತ್ತಿದ್ದೆ.

"ಅದು ಸುಮ್ಮ ಸುಮ್ಮನ ಬೀಳಂಗಿಲ್ಲರೀ. ಎಲ್ಲೋ ಸೋರಾಕತ್ತೈತಿ. ಹುಡುಕ್ರಿ" ಎಂದರು.

"ನ್ಯೂಸೆನ್ಸ್ ಟ್ರಿಪ್ಪಿಂಗ್ ರೀ" ಎಂದೆ. ಕಾರಣವಿಲ್ಲದೆ ಬ್ರೇಕರ್ ಬೀಳುವುದಕ್ಕೆ ಪುಸ್ತಕದಲ್ಲಿರುವ ಹೆಸರು.

"ಹೆಸರಿಟ್ರ ಮುಗೀತೇನ್ರಿ?" ಎಂದು ಅವರು ನಕ್ಕರು. ಓದುಕೋಣೆಯಲ್ಲಿ ಮಾತಾಡಬಾರದೆಂದು ಯಾರೋ ಶ್ಶ್ ಎಂದರು. ಅಲ್ಲಿಗೆ ಮುಗಿಯಿತು.

ಆ ವಾರವೇ ನಮ್ಮ ಆನ್‌ಲೈನ್ ಅಣಕು ಪರೀಕ್ಷೆಯ ನಡುವೆ ಸ್ವಿಚ್ ಬಿತ್ತು, ಇಂಟರ್ನೆಟ್ ಹೋಯಿತು, ಎಲ್ಲರ ಪರೀಕ್ಷೆ ಅರ್ಧಕ್ಕೆ ನಿಂತಿತು. ಮೈಸೂರಿನವನು ಮೊದಲ ಸ್ಥಾನ ಕಳೆದುಕೊಂಡವನಂತೆ, ಅಂದರೆ ಮನೆಯಲ್ಲಿ ಸಾವಾದವನಂತೆ, ತಲೆ ಹಿಡಿದು ಕುಳಿತ. ಮಾಲೀಕರು ಮೇಲೆ ಬಂದರು. ಹುಡುಗರು ಬೇರೆ ಅಭ್ಯಾಸಿಕಾ ಹುಡುಕುವ ಮಾತಾಡಿದ್ದು ಅವರ ಕಿವಿಗೆ ಬಿದ್ದಿತ್ತು. ನೇರ ನನ್ನ ಬಳಿ ಬಂದು ಹೆಗಲ ಮೇಲೆ ಕೈಯಿಟ್ಟರು.

"ನೀವು ನಮ್ಮವರು, ಮ್ಯಾಲೆ ಎಲೆಕ್ಟ್ರಿಕಲ್ ಇಂಜಿನಿಯರ್. ಇದೊಂದು ಸ್ವಿಚ್ಚಿಂದ ಏನರೆ ಮಾಡ್ರೆಲಾ. ಇಲೆಕ್ಟ್ರಿಷಿಯನ್ ಫೋನ ಎತ್ತವಲ್ಲ."

ನಾನು ಎದ್ದೆ. ವೈರ್‌ಮನ್ ಇನ್ನೂ ಕಾರ್ಖಾನೆಯಲ್ಲಿದ್ದರು, ಉಳಿದ ಇಪ್ಪತ್ತು ಜನ ನೋಡುತ್ತಿದ್ದರು. ಮಾಲೀಕರು ತಂದ ಸ್ಕ್ರೂಡ್ರೈವರ್ ಹಿಡಿದು ಬೋರ್ಡಿನ ಮುಚ್ಚಳ ತೆಗೆದು, ಆ ಸ್ವಿಚ್ಚನ್ನು ದಾರಿಯಿಂದಲೇ ತೆಗೆದುಹಾಕಿದೆ. ವೈರುಗಳು ಅದನ್ನು ಸುತ್ತುಹಾಕಿ ಹೋಗುವಂತೆ ಜೋಡಿಸಿದೆ. ಸ್ವಿಚ್ ತನ್ನ ಜಾಗದಲ್ಲೇ ಉಳಿಯಿತು. ನೋಡುವವರಿಗೆ ಏನೂ ಬದಲಾಗಿರಲಿಲ್ಲ. ಅದು ಮೇಲಿದ್ದರೂ ಕೆಳಗಿದ್ದರೂ ಕರೆಂಟಿಗೆ ಈಗ ಲೆಕ್ಕವೇ ಇಲ್ಲ. ಹತ್ತು ನಿಮಿಷದ ಕೆಲಸ. ಮಾಲೀಕರು "ಶಾಭಾಸ್" ಎಂದರು, ಕೆಳಗಿನಿಂದ ಚಹಾ ತರಿಸಿದರು. ಮೈಸೂರಿನವನು ನನ್ನ ಬೆನ್ನು ತಟ್ಟಿ, "ಕೊನೆಗೂ ಒಬ್ಬ ಇಂಜಿನಿಯರ್ ಸಿಕ್ದ" ಎಂದ. ನಾಲ್ಕು ವರ್ಷದ ಓದಿನಲ್ಲಿ ನನ್ನ ಕೈಯಾರೆ ಮಾಡಿದ ಮೊದಲ ಎಲೆಕ್ಟ್ರಿಕಲ್ ಕೆಲಸ ಅದು. ನಾನು ಚಹಾವನ್ನು ನಿಧಾನವಾಗಿ, ಎಲ್ಲರಿಗೂ ಕಾಣುವಂತೆ ಕುಡಿದೆ.

ಒಂಬತ್ತು ದಿನ ಸ್ವಿಚ್ ಬೀಳಲಿಲ್ಲ.

ಹತ್ತನೆಯ ದಿನ ಎರಡು ಗಂಟೆಗೆ ಅವಳು ಬಂದಳು. ಬಕೆಟ್ ಇಟ್ಟಳು. ನಾವು ಕಾಲೆತ್ತಿಕೊಂಡೆವು. ಬಾಗಿಲಲ್ಲಿ ಮಾಲೀಕರ ದನಿ ಕೇಳಿಸುತ್ತಿತ್ತು. ಆ ವಾರ ಶಿಫ್ಟ್ ಬದಲಾಗಿದ್ದ ವೈರ್‌ಮನ್ ಕಾರ್ಖಾನೆಗೆ ಹೋಗುವ ದಾರಿಯಲ್ಲಿ, ಮರೆತುಹೋಗಿದ್ದ ನೋಟ್‌ಬುಕ್ ಒಯ್ಯಲು ಬಂದಿದ್ದರು, ಕಾರ್ಖಾನೆಯ ದಪ್ಪ ಬೂಟು ಹಾಗೇ ಇತ್ತು.

"ಎಷ್ಟ್ ಸಲ ಹೇಳ್ಬೇಕ್ರಿ, ಬೂಟ್ ಬಿಟ್ಟ್ ಬರ್ರಿ. ಒಳಗ ದೇವರದಾನ."

"ಎರಡ ನಿಮಿಷ ರೀ, ಇದರ ಲೇಸ್ ಬಿಚ್ಚೂದ್ರಾಗ ಬಸ್ ಹೋಗತೈತಿ."

ಆಗ ಒಂದು ಸದ್ದು ಬಂತು. ಕಿರುಚಿದ್ದಲ್ಲ. ಕಿರುಚಲು ಉಸಿರು ಬೇಕು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಒಂದು ಗುರುಗುಟ್ಟುವಿಕೆ. ತಲೆಯೆತ್ತಿ ನೋಡಿದೆ. ಕೂಲರಿನ ಹಿಂದೆ ಒರೆಸಲು ಬಗ್ಗಿದವಳು ಏಳುವಾಗ ಆಸರೆಗೆ ಅದರ ಅಂಚನ್ನು ಹಿಡಿದಿದ್ದಳು. ಬಲಗೈ ಅಲ್ಲೇ ಅಂಟಿತ್ತು. ಮೈ ಬಿಲ್ಲಿನ ಹಾಗೆ ಬಾಗಿ ನಡುಗುತ್ತಿತ್ತು. ಕಣ್ಣು ತೆರೆದಿದ್ದವು. ಅವು ನನ್ನ ಕಡೆಗೇ ಇದ್ದವು.

ಮುಂದಿನ ಕೆಲವು ಸೆಕೆಂಡುಗಳನ್ನು ನಾನು ಎಷ್ಟು ಸಲ ಹಿಂದಕ್ಕೆ ಸುತ್ತಿ ನೋಡಿದ್ದೇನೋ ತಿಳಿಯದು. ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಯಾರಾದರೂ ಸ್ವಿಚ್ ಒತ್ತಿದಾಗ. ಮೊದಲು ನೆನಪಾಗುವುದು ನನ್ನ ಮನಸ್ಸಿನಲ್ಲಿ ಮೂಡಿದ ಮೊದಲ ವಿಚಾರ. ಇನ್ನೂರ ಮೂವತ್ತು ವೋಲ್ಟ್, ಒದ್ದೆ ಮೈಯ ರೆಸಿಸ್ಟೆನ್ಸ್ ಸುಮಾರು ಸಾವಿರ ಓಮ್ ಎಂದಿಟ್ಟುಕೊಂಡರೆ ಇನ್ನೂರ ಮೂವತ್ತು ಮಿಲಿ ಆಂಪಿಯರ್. ಹೌದು, ಲೆಕ್ಕ ಮಾಡಿದೆ. ಉತ್ತರ ಸರಿಯಾಗಿಯೇ ಬಂತು. ಒಬ್ಬಳು ಸಾಯುತ್ತಿದ್ದಾಗ ಭಾಗಾಕಾರ ಮಾಡಿದ ಮನುಷ್ಯ ನಾನು.

ಎರಡನೆಯದು ಸಾಲಿನ ನೋಟ. ಎಲ್ಲರೂ ಕುರ್ಚಿಯ ಮೇಲೆ ಕಾಲೆತ್ತಿಕೊಂಡೇ ಇದ್ದರು. ಪ್ಲಾಸ್ಟಿಕ್ ಕುರ್ಚಿ, ಒಣ ಕಾಲು. ಇಡೀ ಪುಣೆಯಲ್ಲಿ ಆ ಕ್ಷಣ ಅವರಷ್ಟು ಚೆನ್ನಾಗಿ ಇನ್ಸುಲೇಟ್ ಆದವರು ಯಾರೂ ಇರಲಿಕ್ಕಿಲ್ಲ. ಯಾರೂ ಕೆಳಗಿಳಿಯಲಿಲ್ಲ.

ನಾನು ಇಳಿದೆ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಬೋರ್ಡಿನ ಕಡೆ ಓಡಿದೆ. ಮುಖ್ಯ ಸ್ವಿಚ್ ಎಂದು ಕೈಗೆ ಅಭ್ಯಾಸವಾಗಿದ್ದದ್ದು ಒಂದೇ, ನಾನು ದಿನಾ ಎತ್ತುತ್ತಿದ್ದದ್ದು. ಅದನ್ನು ಕೆಳಗೆ ಎಳೆದೆ. ಟಕ್ ಎಂದಿತು. "ಆಫ್ ಮಾಡಿದೆ, ಆಫ್ ಆಯ್ತು, ಬಿಡಿಸ್ರಿ!" ಎಂದು ಕೂಗಿದೆ.

ನಾನೇ ದಾರಿ ತಪ್ಪಿಸಿಟ್ಟ ಸ್ವಿಚ್ ಅದು. ಕೂಗಿದಾಗ ನನಗೆ ಅದು ನೆನಪಿರಲಿಲ್ಲ. ಟಕ್ ಎಂಬ ಸದ್ದನ್ನು ನಂಬಿದೆ.

ನನ್ನ ಮಾತನ್ನು ಮೈಸೂರಿನವನು ನಂಬಿದ. ಕುರ್ಚಿಯಿಂದ ಜಿಗಿದು ಅವಳ ತೋಳಿಗೆ ಎರಡೂ ಕೈ ಚಾಚಿದ. ಅವನ ಬೆರಳಿಗೂ ಅವಳ ಸೀರೆಗೂ ನಡುವೆ ಒಂದು ಗೇಣು ಇದ್ದಾಗ ಬಾಗಿಲಿನಿಂದ ಗುಡುಗಿನಂಥ ದನಿ ಬಂತು.

"ಮುಟ್ಟಬ್ಯಾಡಲೇ! ಫ್ಯಾನ್ ತಿರಗಾಕತ್ತಾವು!"

ಫ್ಯಾನುಗಳು ತಿರುಗುತ್ತಿದ್ದವು. ತಲೆಯ ಮೇಲೆ ನಾಲ್ಕು ಫ್ಯಾನುಗಳು, ನಾಲ್ಕೂ ಪೂರ್ತಿ ವೇಗದಲ್ಲಿ. ಒಳಗಿದ್ದ ನಮ್ಮಲ್ಲಿ ಒಬ್ಬನೂ ಮೇಲೆ ನೋಡಿರಲಿಲ್ಲ. ವೈರ್‌ಮನ್ ಬೂಟುಗಾಲಲ್ಲೇ ಒಳಗೆ ನುಗ್ಗಿ, ಮೈಸೂರಿನವನ ಕಾಲರ್ ಹಿಡಿದು ಹಿಂದಕ್ಕೆ ಎಸೆದು, ಕೂಲರಿನ ವೈರನ್ನು ಕೈಗೆ ಸುತ್ತಿ ಒಂದೇ ಎಳೆತಕ್ಕೆ ಬೋರ್ಡಿನಿಂದ ಕಿತ್ತರು. ಅವಳು ಬಕೆಟ್ಟಿನ ಮೇಲೆ ಬಿದ್ದಳು. ನೀರು ಚೆಲ್ಲಿ ನಮ್ಮ ಚೀಟಿಗಳ ಕೆಳಗೆಲ್ಲ ಹರಿಯಿತು.

ಉಸಿರಿರಲಿಲ್ಲ. ಅವರು ಅವಳನ್ನು ಒಣ ಜಾಗಕ್ಕೆ ಎಳೆದು ಎದೆಯ ಮೇಲೆ ಅಂಗೈ ಊರಿ ಒತ್ತತೊಡಗಿದರು. ಬಾಯಲ್ಲಿ ಎಣಿಕೆ, ಒಂದು, ಎರಡು, ಮೂರು. ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಕಲಿಸುತ್ತಾರಂತೆ. ನಾವು ಸುತ್ತ ನಿಂತೆವು. ಕೊನೆಗೊಮ್ಮೆ ಅವಳು ನೀರಿನಿಂದ ಎದ್ದವಳಂತೆ ಗಟ್ಟಿಯಾಗಿ ಉಸಿರೆಳೆದುಕೊಂಡಳು. ವೈರ್‌ಮನ್ ಮತ್ತು ನಾನು ಅವಳನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ. "ತಮ್ಮಾ, ಕೂಲರ್ ಕೆಡಸಿದೇನು ನಾ?"

ಬದುಕಿದಳು. ಬಲ ಅಂಗೈ ಸುಟ್ಟು ಎರಡು ಬೆರಳು ಮಡಿಚಿದಂತೆಯೇ ಉಳಿದವು.

ಮರುದಿನ ವೈರ್‌ಮನ್ ಬೋರ್ಡಿನ ಮುಚ್ಚಳ ತೆಗೆದು ನೋಡಿದರು. "ಯಾರ ಮಾಡಿದ್ರಿ ಇದನ್ನ?" ಎಂದು ಕೇಳಿದರು. ಮಾಲೀಕರು ಗಣಪತಿಯನ್ನು ನೋಡಿದರು. ಮೈಸೂರಿನವನು ಪುಸ್ತಕ ನೋಡಿದ. ನಾನು ನೆಲ ನೋಡಿದೆ. ವೈರ್‌ಮನ್ ನನ್ನನ್ನು ನೋಡಿ, ವೈರುಗಳನ್ನು ಮೊದಲಿನಂತೆ ಜೋಡಿಸಿದರು. ಮತ್ತೆ ಅಲ್ಲಿಗೆ ಓದಲು ಬರಲಿಲ್ಲ.

ಓಣಿಯಲ್ಲಿ ಮಾಲೀಕರ ಕಥೆ ಓಡಾಡಿತು. ಒದ್ದೆ ಕೈಲಿ ಕೂಲರ್ ಮುಟ್ಟಿದಳಂತೆ, ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲವಂತೆ, ಆಕೆ ಬಂದರೆ ಮೊದಲೂ ಕರೆಂಟ್ ಹೋಗುತ್ತಿತ್ತಂತೆ. ಕೊನೆಯದು ನಮ್ಮದೇ ಜೋಕು. ಒರೆಸಲು ಬೇರೆಯವಳು ಬಂದಳು. ನಾವು ಅವಳಿಗೂ ಕಾಲೆತ್ತಿದೆವು. ಮೈಸೂರಿನವನು ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದು, "ಬೈ ದ ವೇ, ನೀನು ಆಫ್ ಆಯ್ತು ಅಂದ್ಯಲ್ಲ?" ಎಂದ. "ಅಂದುಕೊಂಡೆ" ಎಂದೆ. ಅವನು ತಲೆಯಾಡಿಸಿ ಹೊಸ ಅಣಕು ಪರೀಕ್ಷೆ ತೆರೆದ. ಸರ್ ಕ್ಲಾಸಿನಲ್ಲಿ ಘಟನೆಯನ್ನು ಒಂದು ವಾಕ್ಯದಲ್ಲಿ ಮುಗಿಸಿ, ಗಮನ ಬೇರೆಡೆಗೆ ಹೋಗಬಾರದೆಂದು ಎಚ್ಚರಿಸಿದರು.

ನನ್ನ ಗಮನವೂ ಹೋಗಲಿಲ್ಲ. ಇದನ್ನು ಹೇಳದೆ ಬಿಟ್ಟರೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಬೇಸಿಗೆ, ಮಳೆ, ಚಳಿ ಮೂರೂ ಕಾಲ ಅದೇ ಕುರ್ಚಿಯಲ್ಲಿ ಕುಳಿತು ಹಸಿರು ಗೆರೆಯ ವಿಷಯಗಳನ್ನು ಮೂರು ಸಲ ಮುಗಿಸಿದೆ. ಸ್ವಿಚ್ ಕೆಡಿಸಿದವನು ನಾನೆಂದು ಹೇಳುವುದನ್ನು ಪರೀಕ್ಷೆಯ ನಂತರಕ್ಕೆ ಇಟ್ಟೆ. ಬಿಡಬಹುದಾದ ವಿಷಯಗಳ ನನ್ನ ಪಟ್ಟಿಯಲ್ಲಿ ಅದೂ ಒಂದಾಗಿತ್ತು. ಫೆಬ್ರುವರಿಯಲ್ಲಿ ಪರೀಕ್ಷೆ ಬರೆದೆ, ಚೆನ್ನಾಗಿಯೇ ಬರೆದೆ. ಕಂಪ್ಯೂಟರಿನ ಮುಂದೆ ಮೂರು ಗಂಟೆ ಕುಳಿತವನು ಮೊದಲು ನೋಡಿದ್ದು ಮಾತ್ರ ಮೇಲಿನ ಫ್ಯಾನನ್ನು.

ಮರುದಿನ ನನ್ನ ಪುಸ್ತಕ ತರಲು ಓದುಕೋಣೆಗೆ ಹೋದೆ. ಮಾಲೀಕರು ಮೇಲೆಯೇ ಇದ್ದರು. ಮುಂದಿನ ವರ್ಷದವರು ಆಗಲೇ ಕುರ್ಚಿ ತುಂಬಿದ್ದರು, ಹಳಬರೂ ಕೆಲವರಿದ್ದರು. ನಡುವೆ ನಿಂತು ಗಟ್ಟಿಯಾಗಿ, ಮೊದಲು ಮರಾಠಿಯಲ್ಲಿ, ಆಮೇಲೆ ಮಾಲೀಕರಿಗೆ ಕನ್ನಡದಲ್ಲಿ ಹೇಳಿದೆ. ಆ ಸ್ವಿಚ್ಚನ್ನು ಕೆಡಿಸಿದವನು ನಾನು, ಮಾವಶಿಯ ತಪ್ಪು ಏನೂ ಇರಲಿಲ್ಲ, ಕೂಲರ್ ಸೋರುತ್ತಿತ್ತು.

ಇಪ್ಪತ್ತು ತಲೆಗಳು ಮೇಲೆದ್ದವು. ಹಿಂದಿನ ಸಾಲಿನಿಂದ ಯಾರೋ "ಶ್ಶ್" ಎಂದರು. ತಲೆಗಳು ಕೆಳಗಿಳಿದವು.

ಮಾಲೀಕರು ನನ್ನ ತೋಳು ಹಿಡಿದು ಮೆಟ್ಟಿಲಿಗೆ ಎಳೆದರು. "ಮುಗದ್ ಹೋದದ್ದನ್ನ ಯಾಕ ಕೆದರತೀರಿ? ಆಕಿ ಆರಾಮ ಅದಾಳಲ್ಲ?"

"ಆರಾಮ ಅದಾಳ ಅಂತ ನಿಮಗ ಯಾರ ಹೇಳಿದ್ರು?"

ಅವರಿಗೂ ಯಾರೂ ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ವೈರ್‌ಮನ್‌ಗೆ ಗೊತ್ತಿತ್ತು. ಫೋನ್ ಮಾಡಿದಾಗ, "ಭಾನುವಾರ ಆಕಿ ಮನೀಗೆ ಹೊಂಟೀನಿ, ಬೋರ್ಡ್ ಹಾಕೂದೈತಿ, ಬರ್ರಿ" ಎಂದರು. ಅಷ್ಟು ತಿಂಗಳ ನಂತರ ನಾನು ಫೋನ್ ಮಾಡಿದ್ದಕ್ಕೆ ಅವರಿಗೆ ಆಶ್ಚರ್ಯವೂ ಆಗಿರಲಿಲ್ಲ, ಸಂತೋಷವೂ ಆಗಿರಲಿಲ್ಲ.

ಗುಡ್ಡದ ಇಳಿಜಾರಿನ ಕೂಲಿಕಾರರ ವಸ್ತಿಯಲ್ಲಿ, ಮೆಟ್ಟಿಲು ಹತ್ತಿ ಹತ್ತಿ ಸುಸ್ತಾಗುವಷ್ಟು ಮೇಲೆ, ಅವಳದು ಒಂದೇ ಕೋಣೆಯ, ತಗಡು ಹೊದಿಸಿದ ಮನೆ. ನಮ್ಮನ್ನು ನೋಡಿ ಎಡಗೈಯಿಂದ ಚಾಪೆ ಹಾಸಿದಳು. ನಾಲ್ಕು ಮನೆಯಲ್ಲಿ ಎರಡರ ಕೆಲಸ ಹೋಗಿದೆ ಎಂದಳು. ಮಡಿಚಿದ ಬೆರಳಿನ ಕಾರಣಕ್ಕಲ್ಲ.

"ಆಕಿ ಕೈಹಚ್ಚಿದ್ದು ಸುಡತದ ಅಂತಾರ ತಮ್ಮಾ. ಮಿಕ್ಸರ್ ಮುಟ್ಟಬ್ಯಾಡ, ಫ್ರಿಜ್ ಮುಟ್ಟಬ್ಯಾಡ ಅಂತಾರ. ನನಗೂ ಹಂಗ ಅನಸಾಕತ್ತದ. ಈಗ ನೀನೂ ಬಂದಿ, ಚಲೋ ಆತು. ನೀ ಕರೆಂಟಿಂದ ದೊಡ್ಡ ಪರೀಕ್ಷೆ ಬರದಾವ. ನೀನ ಕೈಯಾರೆ ಒಮ್ಮಿ ನೋಡು ನಮ್ಮನಿ ಬೋರ್ಡ. ಅಂದ್ರ ನನಗ ಧೈರ್ಯ."

ವೈರ್‌ಮನ್ ಬ್ಯಾಗಿನಿಂದ ಟೆಸ್ಟರ್ ತೆಗೆದು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.

ಹೇಳಿದೆ. ಅವಳು ಕೇಳಿದ್ದ ಪ್ರಶ್ನೆ, ನಾನು ಕೊಟ್ಟ ಉತ್ತರ, ಚಹಾ ಕುಡಿದದ್ದು, ಟಕ್ ಎಂದದ್ದು, ಎಲ್ಲವನ್ನೂ. ಹೇಳುವಾಗ ಅವಳು ತನ್ನ ಮಡಿಚಿದ ಎರಡು ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು.

"ಅಂದ್ರ ನಂದೇನ ತಪ್ಪಿಲ್ಲ?"

"ಇಲ್ಲಕ್ಕಾ."

"ಆ ಸ್ವಿಚ್ ಬೀಳಾಕತ್ತಿದ್ದು ನನ್ನ ಉಳಸಾಕ?"

"ಹೌದು."

"ಅದನ್ನ ನೀ ತಗದಿ."

"ಹೌದು."

"ಅಲ್ಲೆ ಅವರ ಮುಂದ ಹೇಳಿದಿ ಇದನ್ನ?"

"ಹೇಳೀನಿ."

"ಯಾವಾಗ?"

"ಮೊನ್ನೆ."

ಅವಳು ಬೆರಳಿನಲ್ಲಿ ತಿಂಗಳು ಎಣಿಸಿದಳೋ, ಸುಮ್ಮನೆ ಬೆರಳು ಮುಟ್ಟಿಕೊಂಡಳೋ ಗೊತ್ತಾಗಲಿಲ್ಲ. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನು ಹಗುರಾಗಿ ಗುಡ್ಡ ಇಳಿಯುತ್ತಿದ್ದೆ. ಅವಳು ಎದ್ದು ಸ್ಟೋವ್ ಹಚ್ಚಿ ಚಹಾ ಮಾಡಿದಳು. ನನ್ನ ಮುಂದೆ ಗ್ಲಾಸು ಇಟ್ಟಳು.

"ಚಾ ಕುಡಿ. ಬೋರ್ಡಿಗೆ ಕೈ ಹಚ್ಚಬ್ಯಾಡ."

ಕುಡಿದೆ. ವೈರ್‌ಮನ್ ಹೊರಗೆ ಕಬ್ಬಿಣದ ಸರಳು ಹೂಳಿ, ಅರ್ಥಿಂಗಿನ ಹಸಿರು ವೈರ್ ಎಳೆದು, ಹೊಸ ಸ್ವಿಚ್ ಕೂರಿಸಿ, ಅದರ ಪರೀಕ್ಷೆಯ ಗುಂಡಿ ಒತ್ತಿದರು. ಟಕ್ ಎಂದಿತು. ಅವಳು ಮೇಲೆ ನೋಡಿದಳು. ಫ್ಯಾನ್ ನಿಧಾನವಾಗಿ ನಿಲ್ಲುತ್ತಿತ್ತು.

"ಇದು ಬಿದ್ದರ ಎತ್ತಬ್ಯಾಡ್ರಿ ಅಕ್ಕಾರ. ಮೊದಲ ನನಗ ಫೋನ್ ಹಚ್ಚರಿ" ಎಂದರು ವೈರ್‌ಮನ್.

"ನಂಬರ್ ಗ್ವಾಡೀಗೆ ಬರೀಬೇಕಲಾ" ಎಂದು ಅವಳು ಗೂಡಿನಿಂದ ಒಂದು ಇದ್ದಿಲು ತಂದು ನನ್ನ ಕೈಗೆ ಕೊಟ್ಟಳು. "ನೀ ಬರಿ. ಬರ್ಯಾಕಂತೂ ಬರತದಲ್ಲ ನಿನಗ."

ವೈರ್‌ಮನ್ ಒಂದೊಂದೇ ಅಂಕಿ ಹೇಳಿದರು. ಬೋರ್ಡಿನ ಪಕ್ಕದಲ್ಲಿ, ಬೋರ್ಡಿಗೆ ತಾಗದಂತೆ, ಬರೆದೆ. ಅವಳು ಬಾಗಿಲ ತನಕ ಹಿಂದೆ ಹೋಗಿ ನೋಡಿದಳು.

"ಇಲ್ಲಿತನ ಕಾಣವಲ್ದು. ಅಳಿಸಿ ದೊಡ್ಡದಾಗಿ ಬರಿ."

ಅಳಿಸಿದೆ. ಮತ್ತೆ ಬರೆದೆ.